ಕಣ್ಣಲ್ಲಿ ಬೆಳೆದ ಮಾಂಸ: ತೆಗೆಸಿದರೆ ಮತ್ತೆ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯವರಿಗೆ 41 ವರ್ಷ. ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು ಭತ್ತದ ಗದ್ದೆ. ಬೇರೆಯವರ ಹೊಲಕ್ಕೂ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಆರು ವರ್ಷದ ಹಿಂದೆ ಬಲಗಣ್ಣಿನ ಬಿಳಿ ಭಾಗದಲ್ಲಿ, ಮೂಗಿನ ಕಡೆ, ಚಿಕ್ಕದಾಗಿ ಕೆಂಪು ಮಾಂಸ ಕಾಣಿಸಿತು. ಈಗ ಅದು ಕರಿಗುಡ್ಡೆಯ ಮೇಲೆ ಹತ್ತಿದೆ. ಸಂಜೆಯಾದರೆ ಕಣ್ಣು ಕೆಂಡದ ಹಾಗಿರುತ್ತದೆ. ಎರಡು ವರ್ಷದಲ್ಲಿ ಎರಡು ಸಲ ಕನ್ನಡಕದ ನಂಬರ್ ಬದಲಾಯಿತು. ಆದರೂ ರಾತ್ರಿ ಎದುರಿನ ಗಾಡಿಯ ಲೈಟು ಚದುರಿ ಕಾಣುತ್ತದೆ ಅಂತಾರೆ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದರೆ ಕೆಂಪು ಇಳಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಊರಲ್ಲಿ ಒಬ್ಬರು ಎಲೆಯ ರಸ ಬಿಟ್ಟು ಮಾಂಸ ಕರಗಿಸುತ್ತೇನೆ ಅಂತಿದ್ದಾರೆ. ನಮ್ಮ ಭಾವನವರಿಗೂ ಇದೇ ಇತ್ತು. ಹತ್ತು ವರ್ಷದ ಹಿಂದೆ ಆಪರೇಷನ್ ಮಾಡಿಸಿದರು, ವರ್ಷದೊಳಗೆ ಮೊದಲಿಗಿಂತ ದಪ್ಪ ಬೆಳೆಯಿತು. ಅದಕ್ಕೇ ಇವರು ಆಪರೇಷನ್ ಅಂದರೆ ಸಿಟ್ಟಾಗುತ್ತಾರೆ. ಇದು ಕ್ಯಾನ್ಸರ್ ಇರಬಹುದಾ? ಹಾಗೇ ಬಿಟ್ಟರೆ ಕಣ್ಣು ಹೋಗುತ್ತದಾ? ನಮ್ಮ ಅತ್ತೆಗೂ ಎಡಗಣ್ಣಲ್ಲಿ ಮಾಂಸ ಇದೆ, ಪೊರೆಯೂ ಬಂದಿದೆ. ಪೊರೆಯ ಆಪರೇಷನ್‌ಗೆ ಹೋದಾಗ "ಮೊದಲು ಮಾಂಸ ತೆಗೆಸಿಕೊಂಡು ಬನ್ನಿ" ಅಂತ ವಾಪಸ್ ಕಳಿಸಿದರು. ಇದು ಮಕ್ಕಳಿಗೂ ಬರುತ್ತದಾ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಎಲ್ಲದರ ಕೆಳಗೆ ಇರುವ ಚಿಂತೆ ಮಾತ್ರ ಒಂದೇ ಅನಿಸಿತು. ತೆಗೆಸದಿದ್ದರೆ ಕಣ್ಣಿಗೆ ಏನಾದೀತೋ, ತೆಗೆಸಿದರೆ ಭಾವನವರ ಹಾಗೆ ಆದೀತೋ. ನಿಮ್ಮ ಮನೆಯವರ ಸಿಟ್ಟಿಗೂ ಕಾರಣವಿದೆ. ಕಣ್ಣಾರೆ ಕಂಡದ್ದನ್ನು ಅವರು ಹೇಳುತ್ತಿದ್ದಾರೆ. ಹಾಗಾಗಿ ಆ ವಿಷಯವನ್ನೇ ಜಾಸ್ತಿ ವಿವರಿಸುತ್ತೇನೆ. ಅದಕ್ಕೆ ಮುಂಚೆ ಇದು ಏನು ಅಂತ ನೋಡೋಣ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಜನ ನನ್ನ ಮುಂದೆ ಕೂತು "ಕಣ್ಣಾಗ ಮಾಂಸ ಬೆಳದೈತ್ರಿ" ಅಂದರೆ, ಹೆಚ್ಚಿನ ಸಲ ಅದು ನಾವು ಟೆರಿಜಿಯಂ ಅನ್ನುವ ಬೆಳವಣಿಗೆ. ಗ್ರೀಕ್ ಭಾಷೆಯಲ್ಲಿ ರೆಕ್ಕೆ ಅನ್ನುವ ಪದದಿಂದ ಬಂದ ಹೆಸರು. ನೋಡುವುದಕ್ಕೂ ಅದು ನೊಣದ ರೆಕ್ಕೆಯ ಹಾಗೇ ಇರುತ್ತದೆ. ಮೂಗಿನ ಕಡೆ ಅಗಲ, ಕರಿಗುಡ್ಡೆಯ ಕಡೆ ಚೂಪು, ನಡುವೆ ಸಣ್ಣ ರಕ್ತನಾಳಗಳು. ಜನ ಇದನ್ನು ಪೊರೆ ಅಂತಲೂ ಕರೆಯುತ್ತಾರೆ, ಅಲ್ಲೇ ಗೊಂದಲ ಶುರುವಾಗುತ್ತದೆ. ಪೊರೆ ಅಂದರೆ ಕ್ಯಾಟರಾಕ್ಟ್. ಅದು ಕಣ್ಣಿನ ಒಳಗಿರುವ ಮಸೂರ ಮಂಜಾಗುವುದು. ಈ ಮಾಂಸ ಬೆಳೆಯುವುದು ಕಣ್ಣಿನ ಹೊರಮೈಯಲ್ಲಿ. ನಿಮ್ಮ ಅತ್ತೆಗೆ ಒಂದೇ ಕಣ್ಣಲ್ಲಿ ಈ ಎರಡೂ ಇವೆ.

ಕ್ಯಾನ್ಸರ್ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಟೆರಿಜಿಯಂ ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹರಡುವುದಿಲ್ಲ, ಜೀವಕ್ಕೆ ಅಪಾಯವಿಲ್ಲ. ನೀವು ಹೇಳಿದ ಲಕ್ಷಣಗಳೂ ಟೆರಿಜಿಯಂಗೇ ಹೊಂದುತ್ತವೆ. ಆರು ವರ್ಷ ನಿಧಾನವಾಗಿ ಬೆಳೆದಿದೆ, ಮೂಗಿನ ಕಡೆಯಿಂದ ಬಂದಿದೆ, ಬಿಸಿಲಲ್ಲಿ ದುಡಿಯುವವರು. ಆದರೆ ಕಣ್ಣಿನ ಮೇಲ್ಮೈಯಲ್ಲಿ ಕ್ಯಾನ್ಸರ್ ಬರುವುದೇ ಇಲ್ಲ ಅಂತಲ್ಲ. ಅದಕ್ಕೂ ಬಿಸಿಲು ಒಂದು ಕಾರಣ. ಬರುವ ಜಾಗವೂ ಹೆಚ್ಚುಕಮ್ಮಿ ಇದೇ. ಶುರುವಿನಲ್ಲಿ ಟೆರಿಜಿಯಂ ಅಂತಲೇ ಮೋಸ ಮಾಡುವ ಗಂಟುಗಳನ್ನು ನಾನು ನೋಡಿದ್ದೇನೆ. ರೆಕ್ಕೆಯ ಆಕಾರ ಬಿಟ್ಟು ಗುಡ್ಡೆಯ ಹಾಗೆ ಉಬ್ಬಿದರೆ, ಲೋಳೆಯಂತೆ ಹೊಳೆದರೆ, ಮೇಲೆ ಬಿಳಿ ಹಕ್ಕಳೆ ಕಟ್ಟಿದರೆ, ಕಪ್ಪು ಬಣ್ಣ ತಿರುಗಿದರೆ, ಎರಡು ಮೂರು ತಿಂಗಳಲ್ಲೇ ದೊಡ್ಡದಾದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಎಚ್‌ಐವಿ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರಲ್ಲಿ ಇನ್ನೂ ಹುಷಾರಾಗಿರಬೇಕು. ಅದಕ್ಕೇ ಒಂದು ಸಲವಾದರೂ ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಲೇಬೇಕು. ಫೋನಿನಲ್ಲಿ ತೆಗೆದ ಫೋಟೋ ಸಾಲದು. ಮುಂದೆ ಆಪರೇಷನ್ ಮಾಡಿಸಿದರೆ, ತೆಗೆದ ಮಾಂಸವನ್ನು ಪರೀಕ್ಷೆಗೆ ಕಳಿಸಿ ಅಂತ ನೀವೇ ಕೇಳಿ.

ಇದು ಯಾಕೆ ಬರುತ್ತದೆ? ಗದ್ದೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಕಣ್ಣಿನ ಬಿಳಿ ಭಾಗದ ಮೇಲೆ ತೆಳುವಾದ ಚರ್ಮ ಹೊದ್ದುಕೊಂಡಿದೆ, ಅದರಲ್ಲಿ ರಕ್ತನಾಳಗಳಿವೆ. ಕರಿಗುಡ್ಡೆಯ ಮೇಲಿರುವುದು ಕಾರ್ನಿಯಾ, ಗಾಜಿನಂಥ ಪದರ. ಅಲ್ಲಿ ಒಂದು ರಕ್ತನಾಳವೂ ಇಲ್ಲ. ಇಲ್ಲದಿರುವುದರಿಂದಲೇ ನಮಗೆ ಕಣ್ಣು ಕಾಣುತ್ತದೆ. ಇವೆರಡರ ನಡುವೆ ಸುತ್ತಲೂ ಒಂದು ಬದು ಇದೆ. ಆ ಬದುವಿನಲ್ಲಿರುವ ತಾಯಿ ಜೀವಕೋಶಗಳು ಬಿಳಿ ಭಾಗದ ಚರ್ಮ ಈಚೆ ದಾಟದ ಹಾಗೆ ತಡೆಯುತ್ತವೆ. ವರ್ಷಗಟ್ಟಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದು ಆ ಜೀವಕೋಶಗಳು ಕೆಡುತ್ತವೆ, ಬದು ಒಂದು ಕಡೆ ಕುಸಿಯುತ್ತದೆ. ಆಮೇಲೆ ಬದುವಿನ ಗರಿಕೆ ಗದ್ದೆಗೆ ಇಳಿದ ಹಾಗೆ ಬಿಳಿ ಭಾಗದ ಚರ್ಮ ಕರಿಗುಡ್ಡೆಯ ಮೇಲೆ ಹರಿದು ಬರುತ್ತದೆ. ಧೂಳು, ಒಣಗಾಳಿ, ಹೊಗೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ.

ಮೂಗಿನ ಕಡೆಯೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಾರ್ನಿಯಾ ಗುಮ್ಮಟದ ಹಾಗೆ ಉಬ್ಬಿದೆ. ಕಿವಿಯ ಕಡೆಯಿಂದ ಓರೆಯಾಗಿ ಬಂದ ಬೆಳಕು ಅದರೊಳಗೆ ಬಾಗಿ, ಆಚೆ ತುದಿಯಲ್ಲಿ, ಅಂದರೆ ಮೂಗಿನ ಕಡೆಯ ಬದುವಿನ ಮೇಲೆ ಕೂಡಿ ಬೀಳುತ್ತದೆ. ಭೂತಗನ್ನಡಿ ಹಿಡಿದು ಕಾಗದ ಸುಡುವುದನ್ನು ಚಿಕ್ಕವರಿದ್ದಾಗ ನೋಡಿಲ್ಲವೇ, ಹಾಗೆ. ಮೂಗಿನ ಕಡೆಯಿಂದ ಬರುವ ಬೆಳಕಿಗೆ ಮೂಗೇ ಅಡ್ಡ, ಅದಕ್ಕೆ ಕಿವಿಯ ಕಡೆ ಈ ಮಾಂಸ ಬೆಳೆಯುವುದು ಕಡಿಮೆ. ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 37 ಡಿಗ್ರಿವರೆಗಿನ ಸೀಮೆಯನ್ನು ಕಣ್ಣಿನ ವೈದ್ಯರು "ಟೆರಿಜಿಯಂ ಪಟ್ಟಿ" ಅನ್ನುತ್ತಾರೆ. ನಮ್ಮ ಇಡೀ ಕರ್ನಾಟಕ ಆ ಪಟ್ಟಿಯೊಳಗೇ ಇದೆ. ಸಿಂಧನೂರು ಇರುವುದು ಸುಮಾರು 16 ಡಿಗ್ರಿಯಲ್ಲಿ. ನಾಟಿ ಹೊತ್ತಿನಲ್ಲಿ ಗದ್ದೆಯಲ್ಲಿ ನಿಂತ ನೀರಿನಿಂದಲೂ ಬಿಸಿಲು ಮೇಲಕ್ಕೆ ಹೊಡೆಯುತ್ತದೆ, ಟ್ರ್ಯಾಕ್ಟರ್ ಮೇಲೆ ಕೂತವರಿಗೆ ಎದುರುಗಾಳಿ, ಧೂಳು ಬೇರೆ. ನಿಮ್ಮ ಮನೆಯವರ ಕಣ್ಣು ಇಪ್ಪತ್ತು ವರ್ಷ ಇದನ್ನೆಲ್ಲ ತಡೆದುಕೊಂಡಿದೆ. ಅವರ ತಪ್ಪು ಏನೂ ಇಲ್ಲ.

ಈಗ ದೃಷ್ಟಿಯ ವಿಷಯ. ಈ ಮಾಂಸ ಎರಡು ರೀತಿ ತೊಂದರೆ ಕೊಡುತ್ತದೆ. ಕಣ್ಣಪಾಪೆಯ ಮುಂದಕ್ಕೆ ಬಂದರೆ ಕಿಟಕಿಗೆ ಪರದೆ ಎಳೆದ ಹಾಗೆ ನೋಟ ಮುಚ್ಚುತ್ತದೆ. ಎಲ್ಲರೂ ಹೆದರುವುದು ಇದಕ್ಕೆ. ಆದರೆ ಅದಕ್ಕಿಂತ ಬಹಳ ಮುಂಚೆಯೇ ಇನ್ನೊಂದು ತೊಂದರೆ ಶುರುವಾಗಿರುತ್ತದೆ. ಮಾಂಸ ಕಾರ್ನಿಯಾವನ್ನು ಹಿಡಿದು ಎಳೆಯುತ್ತದೆ. ಗುಂಡಗಿದ್ದ ಗುಮ್ಮಟ ಒಂದು ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ. ಕನ್ನಡಕದ ಅಂಗಡಿಯವರು ಸಿಲಿಂಡರ್ ಪವರ್ ಅನ್ನುತ್ತಾರಲ್ಲ, ಅದು ಏರುತ್ತಾ ಹೋಗುತ್ತದೆ. ಎರಡು ವರ್ಷದಲ್ಲಿ ಎರಡು ಸಲ ನಂಬರ್ ಬದಲಾಗಿದ್ದು, ರಾತ್ರಿ ಲೈಟು ಚದುರುವುದು, ಇವೆರಡೂ ಅದನ್ನೇ ಹೇಳುತ್ತಿರಬಹುದು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಲೇ. ಇದರಿಂದ ಕಣ್ಣು ಪೂರ್ತಿ ಹೋಗುವುದು ತೀರಾ ಅಪರೂಪ. ಆದರೆ ಬಹಳ ದಿನ ಬಿಟ್ಟರೆ ಆಪರೇಷನ್ ಆದ ಮೇಲೂ ಅಲ್ಲಿ ಬಿಳಿ ಕಲೆ ಉಳಿಯುತ್ತದೆ, ಎಳೆದ ಆಕಾರ ಪೂರ್ತಿ ಸರಿಹೋಗುವುದಿಲ್ಲ. ಕಲೆ ಪಾಪೆಯ ನೇರಕ್ಕೆ ಬಿದ್ದರೆ ಆ ಮಂಜು ಕನ್ನಡಕದಿಂದ ಹೋಗುವುದಿಲ್ಲ.

ಡ್ರಾಪ್ಸ್ ಬಗ್ಗೆ ಸ್ವಲ್ಪ ಬಿಗಿಯಾಗಿ ಹೇಳಬೇಕು. ಯಾವ ಡ್ರಾಪ್ಸೂ ಈ ಮಾಂಸವನ್ನು ಕರಗಿಸುವುದಿಲ್ಲ. ಕೆಂಪು ಇಳಿಸುವ ಡ್ರಾಪ್ಸ್ ರಕ್ತನಾಳಗಳನ್ನು ಕೆಲವು ಗಂಟೆ ಸಂಕುಚಿತ ಮಾಡುತ್ತವೆ, ಅಷ್ಟೇ. ದಿನಾ ಹಾಕುತ್ತಾ ಹೋದರೆ ಬಿಟ್ಟ ಕೂಡಲೇ ಕೆಂಪು ಮೊದಲಿಗಿಂತ ಜಾಸ್ತಿಯಾಗುತ್ತದೆ. ಇನ್ನು ಕೆಲವು ಬಾಟಲಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ತಕ್ಷಣ ಹಾಯೆನಿಸುತ್ತದೆ, ಆದ್ದರಿಂದಲೇ ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರ ಹಾಳಾಗುತ್ತದೆ, ಪೊರೆಯೂ ಬೇಗ ಬರುತ್ತದೆ. ಮಾಂಸದಿಂದ ಹೋಗದ ಕಣ್ಣು ಆ ಬಾಟಲಿಯಿಂದ ಹೋದದ್ದನ್ನು ನೋಡಿ ನಾನು ಸಂಕಟಪಟ್ಟಿದ್ದೇನೆ. ನಿಮ್ಮ ಮನೆಯವರು ಹಾಕುತ್ತಿರುವ ಬಾಟಲಿಯನ್ನು ಡಾಕ್ಟರಿಗೆ ತೋರಿಸಿ, ಕಣ್ಣಿನ ಒತ್ತಡ ಅಳೆಸಿ. ಉರಿ, ಒಣಗಿದ ಹಾಗಾಗುವುದು, ಕಸ ಬಿದ್ದ ಹಾಗೆ ಚುಚ್ಚುವುದಕ್ಕೆ ಕಣ್ಣೀರಿನಂಥ ತೇವ ಕೊಡುವ ಡ್ರಾಪ್ಸ್ ಸಾಕು. ಅದನ್ನು ಬಹಳ ದಿನ ಹಾಕಬಹುದು.

ಎಲೆಯ ರಸ ಬೇಡ. ನಂದಿಬಟ್ಟಲು ಹೂವು ಕಣ್ಣಿಗೆ ತಂಪು ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ಮುಚ್ಚಿದ ರೆಪ್ಪೆಯ ಮೇಲೆ ತೊಳೆದ ಹೂವು ಇಟ್ಟುಕೊಂಡು ಮಲಗಿದರೆ ನನಗೆ ತಕರಾರಿಲ್ಲ. ಕಣ್ಣಿನೊಳಗೆ ಹಸಿ ರಸ ಬಿಡುವುದು ಬೇರೆಯೇ ಮಾತು. ಎಲೆಯ ಮೇಲಿನ ಬೂಸ್ಟು, ಹಿಂಡಿದ ಬಟ್ಟೆಯ ಕೊಳೆ ನೇರ ಕಾರ್ನಿಯಾಕ್ಕೆ ಹೋಗುತ್ತವೆ. ಅಲ್ಲಿ ಹುಣ್ಣಾದರೆ ಮೇಲೆ ಹೂವು ಬೀಳುತ್ತದೆ, ಅಂದರೆ ಬಿಳಿ ಕಲೆ ಕೂರುತ್ತದೆ. ಜೇನು, ಈರುಳ್ಳಿ ರಸ, ಎದೆಹಾಲು, ಇವಕ್ಕೂ ಇದೇ ಮಾತು. ಸುಣ್ಣ ಬೆರೆಸಿದ ಯಾವುದನ್ನೂ ಕಣ್ಣಿನ ಹತ್ತಿರವೂ ತರಬೇಡಿ. ಸುಣ್ಣ ಆ ಬದುವನ್ನೇ ಸುಟ್ಟು ಹಾಕುತ್ತದೆ. ಸುಟ್ಟ ಜಾಗದಲ್ಲಿ ಬೆಳೆಯುವ ಮಾಂಸಕ್ಕೆ ಚಿಕಿತ್ಸೆ ಇನ್ನೂ ಕಷ್ಟ.

ಈಗ ಭಾವನವರ ಕಣ್ಣಿಗೆ ಬರೋಣ. ಈ ರೋಗ ನಮ್ಮ ನೆಲಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಅರ್ಮ ಅಂತ ಹೆಸರಿದೆ. ಕೊಕ್ಕೆಯಿಂದ ಎತ್ತಿ ಹಿಡಿದು ಕತ್ತರಿಸುವ ಕ್ರಮವನ್ನು ಅಲ್ಲಿ ಹೇಳಿದೆ. ಅರೆಬರೆ ಕತ್ತರಿಸಿದರೆ ಬೇಗ ಮತ್ತೆ ಬೆಳೆಯುತ್ತದೆ ಅನ್ನುವ ಎಚ್ಚರಿಕೆಯೂ ಇದೆ. ಅಷ್ಟು ಹಿಂದೆಯೇ ಕಂಡುಕೊಂಡಿದ್ದ ಸಮಸ್ಯೆ ಇದು. ನಮ್ಮ ಕಾಲದಲ್ಲೂ ಬಹಳ ವರ್ಷ ನಡೆದ ಆಪರೇಷನ್ ಸರಳವಾಗಿತ್ತು. ಮಾಂಸ ಕತ್ತರಿಸುವುದು, ಆ ಜಾಗವನ್ನು ಹಾಗೇ ತೆರೆದು ಬಿಡುವುದು. ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ಬೇರೆ ಬೇರೆ ಅಧ್ಯಯನಗಳಲ್ಲಿ ಹೀಗೆ ಮಾಡಿಸಿಕೊಂಡವರಲ್ಲಿ 100ಕ್ಕೆ 24ರಿಂದ ಹಿಡಿದು 89 ಜನರವರೆಗೆ ಮಾಂಸ ಮತ್ತೆ ಬೆಳೆದಿದೆ. ಬದು ಮೊದಲೇ ಕುಸಿದಿದೆ, ಮೇಲಿನ ಗರಿಕೆ ಕೊಯ್ದು ಬರಿ ನೆಲ ಬಿಟ್ಟರೆ ಅದು ಸುಮ್ನೆ ಇರುತ್ತದೆಯೇ? ಗಾಯ ಮಾಯುವ ಭರದಲ್ಲಿ ಎರಡನೇ ಸಲ ಬರುವುದು ಇನ್ನೂ ದಪ್ಪ, ಇನ್ನೂ ಅಂಟು. ಭಾವನವರಿಗೆ ಯಾವ ರೀತಿ ಮಾಡಿದ್ದರು ಅನ್ನುವುದು ಹಳೇ ಚೀಟಿ ಇದ್ದರೆ ಗೊತ್ತಾಗುತ್ತದೆ. ವರ್ಷದೊಳಗೆ ದಪ್ಪವಾಗಿ ಬಂದದ್ದನ್ನು ನೋಡಿದರೆ ಹೀಗೇ ಇರಬೇಕು ಅನಿಸುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ನಾನೂ ಹೀಗೆ ಮಾಡಿದ್ದೇನೆ. ಆರು ತಿಂಗಳಿಗೆ ಅದೇ ಜನ ಅದೇ ಕೆಂಪು ಕಣ್ಣು ಹೊತ್ತು ವಾಪಸ್ ಬಂದಾಗ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಆ ಮುಖಗಳು ಇನ್ನೂ ನೆನಪಿವೆ.

ಈಗ ಹೆಚ್ಚಿನ ಕಣ್ಣಿನ ಡಾಕ್ಟರುಗಳು ಮಾಡುವುದು ಬೇರೆ. ಮಾಂಸ ತೆಗೆದ ಜಾಗಕ್ಕೆ ಅದೇ ಕಣ್ಣಿನ ಮೇಲುಭಾಗದಿಂದ, ರೆಪ್ಪೆಯ ಅಡಿಯಲ್ಲಿ ಬಿಸಿಲು ಕಾಣದ ಕಡೆಯಿಂದ, ತೆಳುವಾದ ಒಳ್ಳೆಯ ಚರ್ಮ ತೆಗೆದು ತೇಪೆ ಹಾಕುತ್ತೇವೆ. ಬದುವಿನ ಕಡೆಯ ಅಂಚು ಬದುವಿಗೇ ಬರುವ ಹಾಗೆ ಕೂರಿಸುತ್ತೇವೆ. ಕುಸಿದ ಬದುವನ್ನು ಹೊಸ ಮಣ್ಣಿನಿಂದ ಕಟ್ಟಿದ ಹಾಗೆ. ಟೆರಿಜಿಯಂಗೆ ಈ ವಿಧಾನವನ್ನು ಕೆನ್ಯನ್ ಮತ್ತು ಅವರ ಜೊತೆಗಾರರು 1985ರಲ್ಲಿ ಪ್ರಕಟಿಸಿದ ಮೇಲೆ ಅದು ನಿಧಾನವಾಗಿ ಎಲ್ಲ ಕಡೆ ಹಬ್ಬಿತು. ಕೈ ಪಳಗಿದವರು ಹೀಗೆ ಮಾಡಿದರೆ ಮತ್ತೆ ಬೆಳೆಯುವುದು ಸಾಮಾನ್ಯವಾಗಿ 100ಕ್ಕೆ 10ರೊಳಗೆ ಇರುತ್ತದೆ. ಸೊನ್ನೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ವಯಸ್ಸು ಚಿಕ್ಕದಿದ್ದಷ್ಟು, ಮಾಂಸ ದಪ್ಪಗೆ ಕೆಂಪಗೆ ಇದ್ದಷ್ಟು ಮರಳುವ ಸಂಭವ ಹೆಚ್ಚು.

ತೇಪೆಯನ್ನು ಹಿಡಿಸುವುದಕ್ಕೆ ಮೂರು ದಾರಿ. ಕೂದಲಿಗಿಂತ ತೆಳುವಾದ ದಾರದ ಹೊಲಿಗೆ, ಫೈಬ್ರಿನ್ ಅನ್ನುವ ಅಂಟು, ಇಲ್ಲವೇ ಗಾಯದಿಂದ ಒಸರಿದ ರೋಗಿಯದ್ದೇ ರಕ್ತ. ಹೊಲಿಗೆ ಕೆಲವು ದಿನ ಚುಚ್ಚುತ್ತದೆ. ಅಂಟು ಹಾಕಿದರೆ ನೋವು ಕಡಿಮೆ, ಆಪರೇಷನ್ ಬೇಗ ಮುಗಿಯುತ್ತದೆ, ದುಡ್ಡು ಜಾಸ್ತಿ. ರಕ್ತಕ್ಕೆ ಖರ್ಚಿಲ್ಲ, ಆದರೆ ಮೊದಲ ದಿನಗಳಲ್ಲಿ ತೇಪೆ ಜಾರುವ ಭಯ ಸ್ವಲ್ಪ ಹೆಚ್ಚು. ಅಂಟಿಗೆ ದುಡ್ಡಿಲ್ಲ ಅಂತ ಯಾರೂ ಆಪರೇಷನ್ ಮುಂದೂಡಬೇಕಿಲ್ಲ. ಹೊಲಿಗೆ ಹಾಕಿದ ತೇಪೆಯೂ ಒಳ್ಳೆಯ ತೇಪೆಯೇ.

ಅಪಾಯಗಳನ್ನೂ ತಿಳಿದುಕೊಳ್ಳಿ. ಸೋಂಕು ಆಗಬಹುದು, ತೇಪೆ ಸರಿಯಬಹುದು, ಸಣ್ಣ ಗಂಟು ಬರಬಹುದು. ಇವುಗಳಲ್ಲಿ ಹೆಚ್ಚಿನವನ್ನು ಬೇಗ ತೋರಿಸಿದರೆ ಸರಿಮಾಡಬಹುದು. ತೀರಾ ಅಪರೂಪಕ್ಕೆ ಕಣ್ಣು ಹೊರಳಿಸುವ ಸ್ನಾಯುವಿಗೆ ಪೆಟ್ಟಾಗಿ ಒಂದು ಎರಡಾಗಿ ಕಾಣುತ್ತದೆ. ಎರಡನೇ ಸಲದ ಆಪರೇಷನ್‌ನಲ್ಲಿ ಈ ಭಯ ಹೆಚ್ಚು. ಮತ್ತೆ ಬೆಳೆಯದಿರಲಿ ಅಂತ ಕೆಲವರು ಮೈಟೊಮೈಸಿನ್ ಅನ್ನುವ ಔಷಧಿಯನ್ನೂ ಹಚ್ಚುತ್ತಾರೆ. ಒಳ್ಳೆಯ ಫಲ ಕೊಡುತ್ತದೆ, ಆದರೆ ಪ್ರಮಾಣ ಮೀರಿದರೆ ಬಿಳಿಗುಡ್ಡೆಯೇ ಸವೆದು ತೆಳುವಾಗುವ ಅಪಾಯವಿದೆ, ಅದೂ ವರ್ಷಗಳ ನಂತರ. ಮೊದಲ ಸಲದ ಆಪರೇಷನ್‌ಗೆ ನಾನು ಅದನ್ನು ಬಳಸುವುದಿಲ್ಲ. ಭಾವನವರಂಥ ದಪ್ಪ ಬೆಳವಣಿಗೆಗೆ ಯೋಚಿಸುತ್ತೇನೆ. ಅವರಿಗೂ ದಾರಿ ಮುಚ್ಚಿಲ್ಲ ಅಂತ ಹೇಳಿ. ಕಾರ್ನಿಯಾ ತಜ್ಞರಿಗೆ ತೋರಿಸಲಿ.

ಆಪರೇಷನ್ ಅರ್ಧ ಗಂಟೆಯದ್ದು. ಕಣ್ಣನ್ನು ಮಾತ್ರ ಮರಗಟ್ಟಿಸುತ್ತಾರೆ, ಅದೇ ದಿನ ಮನೆಗೆ ಬರಬಹುದು. ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು ಇದ್ದೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಗಾಬರಿಯಾಗುತ್ತಾರೆ. ಕೆಂಪು ಇಳಿಯಲು ಮೂರು ನಾಲ್ಕು ವಾರ ಬೇಕು. ಡಾಕ್ಟರು ಕೊಟ್ಟ ಡ್ರಾಪ್ಸ್ ಒಂದೆರಡು ತಿಂಗಳು, ಹೇಳಿದ ಲೆಕ್ಕದಲ್ಲೇ ಇಳಿಸುತ್ತಾ ಬರಬೇಕು. ಅದರಲ್ಲೂ ಸ್ಟೀರಾಯ್ಡ್ ಇರುತ್ತದೆ, ಇಲ್ಲಿ ಅದು ಬೇಕು, ಆದರೆ ಡಾಕ್ಟರ ಕಣ್ಗಾವಲಿನಲ್ಲಿ. ಮತ್ತೆ ಬೆಳೆಯುವುದಿದ್ದರೆ ಹೆಚ್ಚಾಗಿ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಗೊತ್ತಾಗುತ್ತದೆ. ನೋವಿಲ್ಲ ಅಂತ ತಪಾಸಣೆ ತಪ್ಪಿಸಬೇಡಿ.

ಹಾಗಾದರೆ ನಿಮ್ಮ ಮನೆಯವರು ಏನು ಮಾಡಬೇಕು? ಚಿಕ್ಕದಿದ್ದು, ಬೆಳೆಯದೆ ಸುಮ್ಮನಿರುವ ಮಾಂಸವನ್ನು ನಾನು ಮುಟ್ಟುವುದಿಲ್ಲ. ಕನ್ನಡಕ, ಟೋಪಿ, ತೇವದ ಡ್ರಾಪ್ಸ್, ವರ್ಷಕ್ಕೊಮ್ಮೆ ಅಳತೆ, ಅಷ್ಟೇ. ಕೆಲವರಲ್ಲಿ ಅದು ಜೀವನ ಪೂರ್ತಿ ಹಾಗೇ ಇರುತ್ತದೆ. ಆದರೆ ಇವರದು ಬೆಳೆಯುತ್ತಿದೆ, ಕನ್ನಡಕದ ನಂಬರ್ ಅಲುಗಾಡಿಸಿದೆ, ರಾತ್ರಿ ಗಾಡಿ ಹೊಡೆಯುವಾಗ ತೊಂದರೆ ಕೊಡುತ್ತಿದೆ. ಪರೀಕ್ಷೆಯಲ್ಲಿ ಸಿಲಿಂಡರ್ ಏರಿರುವುದಕ್ಕೆ ಮಾಂಸವೇ ಕಾರಣ ಅಂತ ಖಚಿತವಾದರೆ, ತೇಪೆ ಹಾಕುವ ಆಪರೇಷನ್ ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾಳೆಯೇ ಆಗಬೇಕು ಅಂತಿಲ್ಲ. ಕಟಾವು, ಒಕ್ಕಣೆ ಮುಗಿದು ಕೈ ಬಿಡುವಾದಾಗ ಇಟ್ಟುಕೊಳ್ಳಿ. ಆಮೇಲೆ ಒಂದು ತಿಂಗಳು ಟ್ರ್ಯಾಕ್ಟರ್ ಧೂಳಿಗೆ ಹೋಗಬಾರದು, ಕಣ್ಣು ಉಜ್ಜಬಾರದು. ಈ ಒಂದು ತಿಂಗಳು ಹೊಂದಿಸಿಕೊಳ್ಳುವುದೇ ರೈತರಿಗೆ ಆಪರೇಷನ್‌ಗಿಂತ ಕಷ್ಟ ಅಂತ ನನಗೆ ಗೊತ್ತು. ಆದರೂ ಹೊಂದಿಸಿಕೊಳ್ಳಿ.

ಅತ್ತೆಯನ್ನು ವಾಪಸ್ ಕಳಿಸಿದವರು ಸರಿಯಾಗಿಯೇ ಮಾಡಿದ್ದಾರೆ. ಪೊರೆ ತೆಗೆದು ಒಳಗೆ ಕೂರಿಸುವ ಲೆನ್ಸಿನ ಪವರನ್ನು ಕಾರ್ನಿಯಾದ ಉಬ್ಬು ಅಳೆದೇ ಲೆಕ್ಕ ಹಾಕುವುದು. ದೊಡ್ಡ ಮಾಂಸ ಅದನ್ನು ಎಳೆದಿದ್ದರೆ ಲೆಕ್ಕ ತಪ್ಪುತ್ತದೆ, ಪೊರೆ ತೆಗೆಸಿದರೂ ಸ್ಪಷ್ಟ ಕಾಣುವುದಿಲ್ಲ. ಮೊದಲು ಮಾಂಸ ತೆಗೆಸಿ, ಎರಡು ಮೂರು ತಿಂಗಳು ಕಾರ್ನಿಯಾ ಒಂದು ಹದಕ್ಕೆ ಬರಲಿ, ಆಮೇಲೆ ಲೆನ್ಸಿನ ಅಳತೆ. ಅವರಿಗೆ ಗ್ಲುಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ನರ ಹಾಳಾಗುವ ರೋಗ, ಇದ್ದರೆ ತೇಪೆ ತೆಗೆಯುವ ಮುಂಚೆಯೇ ಡಾಕ್ಟರಿಗೆ ಹೇಳಿ. ಮುಂದೆ ಗ್ಲುಕೋಮಾಕ್ಕೆ ಆಪರೇಷನ್ ಬೇಕಾದರೆ ಕಣ್ಣಿನ ಮೇಲುಭಾಗದ ಚರ್ಮವೇ ಬೇಕಾಗುತ್ತದೆ. ಅದನ್ನು ಉಳಿಸಿ ಬೇರೆ ಕಡೆಯಿಂದ ತೇಪೆ ತೆಗೆಯಬಹುದು.

ಇದು ಅಂಟುರೋಗವಲ್ಲ. ಒಂದೇ ಟವೆಲ್ ಬಳಸಿದರೆ ಬರುವುದಿಲ್ಲ. ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುವುದು ನಿಜ, ನಿಮ್ಮ ಮನೆಯಲ್ಲೂ ಮೂವರಿಗಿದೆ. ಮೂವರೂ ಬಿಸಿಲಲ್ಲೇ ದುಡಿದವರು ಅಲ್ವಾ? ಮಕ್ಕಳ ಕಣ್ಣಿಗೆ ಈಗಿಂದಲೇ ನೆರಳು ಕೊಡಿ. ಅಗಲ ಅಂಚಿನ ಟೋಪಿ, ಹೊಲದಲ್ಲಿ ಕನ್ನಡಕ. ಕನ್ನಡಕ ಕಪ್ಪಗೇ ಇರಬೇಕಿಲ್ಲ, "ಯುವಿ 400" ಅಂತ ಇರಬೇಕು, ಅಂದರೆ ಅತಿನೇರಳೆ ಕಿರಣ ತಡೆಯುವಂಥದ್ದು. ಬಣ್ಣ ಬಳಿದ ಅಗ್ಗದ ಪ್ಲಾಸ್ಟಿಕ್ಕಿನಿಂದ ಕಣ್ಣಿಗೆ ನೆರಳಾಗುತ್ತದೆ, ಕಿರಣ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಕಿವಿಯ ಕಡೆಗೂ ಬಾಗಿ ಮುಚ್ಚುವ ಕನ್ನಡಕ ತಗೊಳ್ಳಿ. ಕೆಡಿಸುವ ಬೆಳಕು ಆ ಕಡೆಯಿಂದಲೇ ಬರುವುದು ಅಂತ ಮೇಲೆ ಹೇಳಿದೆನಲ್ಲ.

ರಾಯಚೂರಿನ ರಿಮ್ಸ್‌ನಲ್ಲಿ, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಕಣ್ಣಿನ ವಿಭಾಗವಿದೆ. ಬೆಂಗಳೂರಿಗೆ ಬರುವುದಾದರೆ 1896ರಿಂದ ನಡೆಯುತ್ತಿರುವ ಮಿಂಟೋ ಆಸ್ಪತ್ರೆ ಇದೆ. ಆಯುಷ್ಮಾನ್ ಕಾರ್ಡ್ ಜೊತೆಗೆ ಒಯ್ದು, ಈ ಆಪರೇಷನ್‌ಗೆ ನಡೆಯುತ್ತದೆಯೇ ಅಂತ ಮೊದಲೇ ವಿಚಾರಿಸಿ. ಹಳೆಯ ಕನ್ನಡಕದ ಚೀಟಿಗಳನ್ನೂ ಒಯ್ಯಿರಿ, ಸಿಲಿಂಡರ್ ಎಷ್ಟು ಏರಿದೆ ಅಂತ ಅದರಲ್ಲೇ ಕಾಣುತ್ತದೆ. ಮಾಂಸ ಕಾರ್ನಿಯಾದ ಮೇಲೆ ಎಷ್ಟು ಮಿಲಿಮೀಟರ್ ಬಂದಿದೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: "ತೆಗೆದ ಜಾಗಕ್ಕೆ ತೇಪೆ ಹಾಕುತ್ತೀರಾ, ಹಾಗೇ ಬಿಡುತ್ತೀರಾ?" ನಿಮ್ಮ ಮನೆಯವರೂ ಎದುರಿಗಿದ್ದು ಉತ್ತರವನ್ನು ತಮ್ಮ ಕಿವಿಯಿಂದಲೇ ಕೇಳಲಿ.